ಕಲ್ಯದ ಶಾಸನದಿಂದ ಚರ್ಮವಿಲ್ಲದ ಕಾರಿನವರೆಗೆ

ಮಾಗಡಿ ತಾಲ್ಲೂಕಿನ ಕಲ್ಯ ಇಂದು ಒಂದು ಹಳ್ಳಿ. ಹದಿನಾಲ್ಕನೆಯ ಶತಮಾನದಲ್ಲಿ ಅದು ಕಲ್ಲೆಹ ಎಂಬ ಪಟ್ಟಣ, ಜೈನರ ದೊಡ್ಡ ನೆಲೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಭವ್ಯಜನರೊಂದಿಗೆ, ಅಂದರೆ ಜೈನರೊಂದಿಗೆ, ಕಲ್ಲೆಹದವರೂ ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ತೀರ್ಪಿತ್ತ. ಆ ತೀರ್ಪಿನ ಶಾಸನ ಶ್ರವಣಬೆಳಗೊಳದಲ್ಲಿದೆ, ಕಲ್ಯದಲ್ಲೂ ಇದೆ. ಬೆಳಗೊಳದ ಪಾಠದಲ್ಲಿ ಕಲ್ಲೆಹದ ಬುಸುವಿಸೆಟ್ಟಿಯ ಹೆಸರು ಬರುತ್ತದೆ. ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪವೆಂಬ ಶಾಪವೂ ಅಲ್ಲಿದೆ.

ಈ ಶಾಸನವನ್ನು ಮತಸೌಹಾರ್ದದ ದಾಖಲೆಯೆಂದೇ ಓದುತ್ತ ಬಂದಿದ್ದೇವೆ. ಪ್ರಾಣಿದಯೆಯ ಇತಿಹಾಸಕ್ಕೂ ಅದು ಬೇಕು: ಅಹಿಂಸೆಯನ್ನೇ ವ್ರತವಾಗಿ ಹಿಡಿದ ಸಮುದಾಯವೊಂದು ತನ್ನ ಆಚರಣೆಗೆ ರಾಜರಕ್ಷಣೆ ಪಡೆದದ್ದು ಇಲ್ಲಿ ಕಾಣುತ್ತದೆ. ಆದರೆ ಚರ್ಮದ ಮಾತು ಅದರಲ್ಲಿಲ್ಲ, ಇದೆಯೆಂದು ಎಳೆದು ಓದಬಾರದು. ಬಳಸುವ ವಸ್ತು ಎಲ್ಲಿಂದ ಬಂತೆಂಬ ವಿಚಾರ ಕಾಣುವುದು ದಿಗಂಬರ ಮುನಿಗಳ ಕೈಯಲ್ಲಿ. ಅವರ ಕೈಕುಂಚವಾದ ಪಿಂಛಿ ನವಿಲು ತಾನಾಗಿ ಉದುರಿಸಿದ ಗರಿಗಳದು, ಕಮಂಡಲು ಮರದ್ದು.

ಇದೇ ಕಲ್ಯ ವೀರಶೈವರಿಗೂ ಪವಿತ್ರ. ತೆಲುಗಿನಲ್ಲಿ ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥ ಇಲ್ಲಿ ಐಕ್ಯನಾದನೆಂಬ ನಂಬಿಕೆಯಿದೆ. ಶರಣ ಪರಂಪರೆಯಲ್ಲಿ ಚರ್ಮಕ್ಕೆ ಬೇರೆಯೇ ಅರ್ಥ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆ ಆ ಕಾಯಕಕ್ಕೆ ಕೊಟ್ಟ ಗೌರವ ಅಳತೆಗೆ ಸಿಗದ್ದು. ಚರ್ಮ ಬೇಡವೆನ್ನುವ ಇಂದಿನ ವಾದ ಚರ್ಮದ ಕೆಲಸಗಾರರನ್ನು ಕೀಳಾಗಿಸಿದರೆ, ಅದು ದಯೆಯ ವೇಷ ತೊಟ್ಟ ಹಳೆಯ ಅಸ್ಪೃಶ್ಯತೆಯೇ.

ಸ್ವತಂತ್ರ ಭಾರತದಲ್ಲಿ ಪ್ರಾಣಿಗಳ ಪರವಾಗಿ ಸಂಸತ್ತಿನಲ್ಲಿ ದನಿಯೆತ್ತಿದವರು ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಅವರು ಖಾಸಗಿ ಮಸೂದೆ ತಂದರು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಆದರೆ ಆ ಕಾಯಿದೆ ಕಾಯುವುದು ಜೀವಂತ ಪ್ರಾಣಿಯನ್ನು. ಸತ್ತ ದನದ ಚರ್ಮ ಕಾರಿನ ಸೀಟಿಗೆ ಹೊದಿಕೆಯಾಗಬಹುದೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ಪ್ರಶ್ನೆ ಹೀಗೆ ಕೊಳ್ಳುವವರ, ತಯಾರಿಸುವವರ ಪಾಲಿಗೆ ಉಳಿಯಿತು.

2021ರಲ್ಲಿ ವೋಲ್ವೋ ತನ್ನ ಹೊಸ ವಿದ್ಯುತ್ ಕಾರುಗಳಿಗೆಲ್ಲ ಚರ್ಮರಹಿತ ಒಳಾಂಗಣ ಕೊಡುವುದಾಗಿ ಪ್ರಕಟಿಸಿತು. ಪ್ರಾಣಿಗಳ ಕ್ಷೇಮದ ಜೊತೆಗೆ ಪಶುಸಾಕಣೆಯಿಂದಾಗುವ ಅರಣ್ಯನಾಶವನ್ನೂ ಕಾರಣವಾಗಿ ಹೇಳಿತು. ಅದರಂತೆ ಬಂದ ಮೊದಲ ಮಾದರಿ ಸಿ40. ಕಂಪನಿ ರೂಪಿಸಿದ ನಾರ್ಡಿಕೋ ಎಂಬ ಬದಲಿ ವಸ್ತುವಿನಲ್ಲಿ ಮರುಬಳಕೆಯ ಪ್ಲಾಸ್ಟಿಕ್ ಬಾಟಲಿ, ದ್ರಾಕ್ಷಾರಸದ ಬಾಟಲಿಯ ಬಿರಡೆಗಳು ಸೇರಿವೆ. ಭಾರತದಲ್ಲಿ ಸಿ40 ಜೋಡಣೆಯಾದದ್ದು ನಮ್ಮ ಹೊಸಕೋಟೆಯಲ್ಲಿ.

ಬದಲಿ ವಸ್ತುವೆಲ್ಲ ನಿರ್ದೋಷಿಯಲ್ಲ. ಮಾರುಕಟ್ಟೆಯ ಕೃತಕ ಚರ್ಮದಲ್ಲಿ ಹೆಚ್ಚಿನದು ಪಿವಿಸಿ, ಇಲ್ಲವೇ ಪಾಲಿಯುರೆಥೇನ್. ಎರಡಕ್ಕೂ ಮೂಲ ಕಲ್ಲೆಣ್ಣೆಯೇ. ಪಿಂಛಿ ಕಟ್ಟುವವರು ಗರಿಯ ಮೂಲ ವಿಚಾರಿಸುವಂತೆ, ಕಾರು ಕೊಳ್ಳುವವರೂ ಷೋರೂಮಿನಲ್ಲಿ ಸೀಟಿನ ಹೊದಿಕೆ ಯಾವುದರದು, ಸ್ಟೀರಿಂಗಿಗೆ ಸುತ್ತಿರುವುದು ಏನು ಎಂದು ಕೇಳಬೇಕು. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.