ಹಾರಿಹೋದ ತಾಯಿ, ಉಳಿದ ಮಕ್ಕಳು: ಸೈಬೀರಿಯಾದ ಪಕ್ಷಿಕನ್ಯೆ ಕಥೆಗಳು

ಬೈಕಲ್ ಸರೋವರದ ಸುತ್ತಿನ ಬುರ್ಯಾತರಲ್ಲಿ ಖೋರಿದೋಯ್ ಎಂಬ ಬೇಟೆಗಾರನ ಕಥೆಯಿದೆ. ಹಂಸಗಳು ದಡಕ್ಕಿಳಿದು, ಗರಿಯುಡುಗೆ ಕಳಚಿ, ಹೆಣ್ಣುಗಳಾಗಿ ಮೀಯುವುದನ್ನು ಅವನು ಕಾಣುತ್ತಾನೆ. ಒಬ್ಬಳ ಉಡುಗೆಯನ್ನು ಬಚ್ಚಿಡುತ್ತಾನೆ. ಹಾರಲಾಗದೆ ಉಳಿದವಳು ಅವನನ್ನು ಮದುವೆಯಾಗಿ 11 ಗಂಡುಮಕ್ಕಳನ್ನು ಹೆರುತ್ತಾಳೆ. ಎಷ್ಟೋ ವರ್ಷಗಳ ಮೇಲೆ, ಹಳೆಯ ಉಡುಗೆಯನ್ನೊಮ್ಮೆ ತೊಟ್ಟು ನೋಡುತ್ತೇನೆಂದು ಗಂಡನನ್ನು ಒಪ್ಪಿಸಿ, ಗುಡಾರದ ಹೊಗೆಕಿಂಡಿಯಿಂದ ಹಾರಿಹೋಗುತ್ತಾಳೆ. ಮಸಿ ಮೆತ್ತಿದ ಕೈಯಿಂದ ಕಾಲು ಹಿಡಿದದ್ದಕ್ಕೇ ಹಂಸದ ಕಾಲು ಕಪ್ಪಾಯಿತೆಂದು ಕೆಲವು ಪಾಠಗಳು ಹೇಳುತ್ತವೆ.

ಖೋರಿ ಬುರ್ಯಾತರ 11 ಕುಲಗಳು ಆ ಮಕ್ಕಳಿಂದ ಬೆಳೆದವೆಂಬುದು ನಂಬಿಕೆ. ಹಂಸವನ್ನು ಕೊಲ್ಲುವುದು ಅಲ್ಲಿ ನಿಷಿದ್ಧ. ವಸಂತದಲ್ಲಿ ಹಂಸಗಳು ಮರಳಿದಾಗ ಹಾಲು ಚಿಮುಕಿಸಿ ಗೌರವಿಸುವ ವಾಡಿಕೆಯಿತ್ತು. ಆದರೆ 13ನೇ ಶತಮಾನದ ‘ಮಂಗೋಲರ ರಹಸ್ಯ ಇತಿಹಾಸ’ದಲ್ಲಿ ಬರುವ, ಖೋರಿದೋಯ್‌ನನ್ನು ನೆನಪಿಸುವ ಹೆಸರಿನ ಖೋರಿ-ತುಮಾತ್ ಒಡೆಯ ಖೋರಿಲಾರ್ತಾಯ್ ಮೆರ್ಗೆನ್‌ನ ಹೆಂಡತಿ ಬರ್ಗುಜಿನ್ ಗುವಾ ಮನುಷ್ಯಳೇ. ಅಲ್ಲಿರುವ ಜಗಳ ಬೇಟೆಯ ನೆಲದ್ದು. ಹಂಸದ ಸುಳಿವೇ ಇಲ್ಲ. ಬರಹದಲ್ಲಿ ಇಲ್ಲದ್ದು ಬಾಯಲ್ಲೂ ಇರಲಿಲ್ಲವೆನ್ನಲು ಬಾರದು. ಆದರೂ ಪಕ್ಷಿಕನ್ಯೆಯ ಆಶಯವನ್ನೂ ಖೋರಿ ವಂಶಾವಳಿಯನ್ನೂ ಒಂದೇ ಕಾಲಕ್ಕೆ ಹುಟ್ಟಿದವೆಂದು ಹಿಡಿಯುವುದು ಅವಸರವಾದೀತು.

ಈಶಾನ್ಯ ತುದಿಯ ಚುಕ್ಚಿಗಳಲ್ಲಿ ಈ ಆಶಯ ಅಡುಗೆಮನೆಯ ಮುನಿಸಿಗೆ ಇಳಿಯುತ್ತದೆ. 1910ರಲ್ಲಿ ಪ್ರಕಟವಾದ ವ್ಲಾದಿಮಿರ್ ಬೊಗೊರಾಸ್‌ನ ಸಂಗ್ರಹದ ಕಥೆಯಲ್ಲಿ ತರುಣನೊಬ್ಬ ಹೆಬ್ಬಾತುಗಳ ಉಡುಗೆಗಳನ್ನೆಲ್ಲ ಹಿಂದಿರುಗಿಸಿ, ಕಡಲಹಕ್ಕಿಯೊಂದರ ಉಡುಗೆಯನ್ನು ಮಾತ್ರ ಇಟ್ಟುಕೊಳ್ಳುತ್ತಾನೆ. ಆ ಸೊಸೆಗೆ ಸೊಪ್ಪು ಆಯಲು ಬರುವುದಿಲ್ಲ, ಅತ್ತೆ ಬೈಯುತ್ತಾಳೆ. ಹಕ್ಕಿಗಳು ವಲಸೆ ಹೊರಟ ಹೊತ್ತಿಗೆ ಅವಳು ಮಕ್ಕಳನ್ನು ಗುಡಾರದ ಹಿಂದಕ್ಕೆ ಕರೆದೊಯ್ಯುತ್ತಾಳೆ. ಹೆಬ್ಬಾತುಗಳು ತಮ್ಮ ರೆಕ್ಕೆಯ ಗರಿ ಕಿತ್ತು ಮಕ್ಕಳ ತೋಳಿಗೆ ಅಂಟಿಸುತ್ತವೆ. ತಾಯಿ, ಇಬ್ಬರು ಮಕ್ಕಳು ಮೂವರೂ ಹಾರಿಹೋಗುತ್ತಾರೆ.

ವಿದ್ವಾಂಸ ಎ. ಟಿ. ಹ್ಯಾಟೊ 1961ರಲ್ಲಿ, ಪಕ್ಷಿಕನ್ಯೆಯದು ಉತ್ತರ ಯುರೇಷಿಯಾದಲ್ಲೇ ಹುಟ್ಟಿದ ಕಥೆಯೇ ಎಂದು ಕೇಳಿ, ವಲಸೆಹಕ್ಕಿಗಳು ಮರಿಮಾಡುವ ನೆಲಗಳತ್ತ ಗಮನ ಸೆಳೆದರು. ಇದಕ್ಕೆ ಹಕ್ಕಿಗಳ ಬದುಕಿನ ಒಂದು ಸಂಗತಿಯನ್ನೂ ಸೇರಿಸಬೇಕೆನಿಸುತ್ತದೆ. ಬೇಸಿಗೆಯಲ್ಲಿ ಹಂಸ, ಹೆಬ್ಬಾತುಗಳು ರೆಕ್ಕೆಗರಿಗಳನ್ನು ಒಮ್ಮೆಗೇ ಉದುರಿಸಿ ಕೆಲವು ವಾರ ಹಾರಲಾರದೆ ನೀರಿನ ಆಸುಪಾಸಿನಲ್ಲೇ ಉಳಿಯುತ್ತವೆ. ತೈಮಿರ್‌ನ ನ್ಗನಸಾನರು ಅವನ್ನು ಆಗಲೇ ದೋಣಿಗಳಿಂದ ಅಟ್ಟಿ ಬಲೆಗೆ ಕೆಡವುತ್ತಿದ್ದರು. ಗರಿ ಕಳೆದುಕೊಂಡ ಹಕ್ಕಿ ಮನುಷ್ಯನ ಕೈಗೆ ಸಿಗುತ್ತದೆಂಬುದು ಅವರಿಗೆ ಕಣ್ಣಾರೆ ಕಂಡ ಸತ್ಯ.

ಋತುಮಾನದಿಂದ ಹೆಂಡತಿಯ ಅಗಲಿಕೆಯನ್ನು ವಿವರಿಸಬಹುದು, ಕುಲವನ್ನಲ್ಲ. ಅದಕ್ಕೆ ಮಕ್ಕಳು ಯಾರ ಪಾಲಾದರೆಂದು ನೋಡಬೇಕು. ಹೋಲಿಕೆಗೆ, ಋಗ್ವೇದದ ಹತ್ತನೇ ಮಂಡಲದ ಪುರೂರವ–ಊರ್ವಶಿ ಸಂವಾದದ ಕಥೆಯನ್ನು ಶತಪಥ ಬ್ರಾಹ್ಮಣ ವಿಸ್ತರಿಸುವಾಗ, ಅಪ್ಸರೆಯರು ಕುರುಕ್ಷೇತ್ರದ ತಾವರೆಗೊಳದಲ್ಲಿ ನೀರುಹಕ್ಕಿಗಳಾಗಿ ಈಜುತ್ತಿರುತ್ತಾರೆ. ಊರ್ವಶಿ ಗಂಡನ ಬಳಿ ನಿಲ್ಲುವುದಿಲ್ಲ, ಆದರೆ ಮಗ ಆಯುವಿನಿಂದ ಚಂದ್ರವಂಶ ಮುಂದುವರಿಯುತ್ತದೆ. ವೇದದ ಕಥೆ ಸೈಬೀರಿಯಾದಿಂದ ಬಂತೆಂದು ಇಷ್ಟರಿಂದಲೇ ಹೇಳಲಾಗದು. ಖೋರಿದೋಯ್‌ನ ಮಕ್ಕಳಂತೆ ಆಯುವೂ ತಂದೆಯ ಕಡೆ ಉಳಿದ. ತಂದೆಯಿಂದ ಪೀಳಿಗೆ ಎಣಿಸುವ ಜನ ಹಾರಿಹೋದವಳನ್ನು ಮೂಲತಾಯಿಯಾಗಿಸಿಕೊಂಡರು. ಚುಕ್ಚಿ ಕಥೆಯಲ್ಲಿ ಮಕ್ಕಳೂ ತಾಯಿಯ ಜೊತೆ ಹೋಗುತ್ತಾರೆ. ಹಾಗಾಗಿ ಅಲ್ಲಿ ಕಥೆ ವಂಶದತ್ತ ತಿರುಗದೆ, ಹೆಂಡತಿ ಮಕ್ಕಳನ್ನು ಹುಡುಕಿಕೊಂಡು ಹೊರಟ ಗಂಡನ ಬೆನ್ನು ಹಿಡಿಯುತ್ತದೆ.