ಕಾಲೇಜುಗಳಲ್ಲಿ ಲೈಂಗಿಕ ದೌರ್ಜನ್ಯ: ನಿಯಮ ಹೇಳುವುದೇನು, ದೂರು ಎಲ್ಲಿಗೆ?

ಹಾವೇರಿ, ರಾಣೆಬೆನ್ನೂರು ಅಥವಾ ಬ್ಯಾಡಗಿಯ ಪದವಿ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರಿಂದಲೋ ಸಹಪಾಠಿಯಿಂದಲೋ ಲೈಂಗಿಕ ಕಿರುಕುಳಕ್ಕೆ ಒಳಗಾದರೆ, ಕಾಲೇಜಿನ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ನೀಡಲು ಆಕೆಗೆ ಇರುವ ಅವಧಿ 3 ತಿಂಗಳು. ಒಂದು ಸೆಮಿಸ್ಟರ್‌ಗಿಂತಲೂ ಕಡಿಮೆ. ಇಂತಹ ಸಮಿತಿಯೊಂದಿದೆ ಎಂದು ತಿಳಿಯುವುದರಲ್ಲಿ, ಮನೆಯವರ ಮುಂದೆ ಬಾಯಿ ಬಿಡುವ ಧೈರ್ಯ ತಂದುಕೊಳ್ಳುವುದರಲ್ಲಿ ಈ ಅವಧಿ ಕಳೆದುಹೋಗುವುದು ಕಷ್ಟವೇನಲ್ಲ. ಸೂಕ್ತ ಕಾರಣವಿದ್ದಲ್ಲಿ ಸಮಿತಿಯು ಮತ್ತೆ 3 ತಿಂಗಳ ಕಾಲಾವಕಾಶ ನೀಡಬಹುದು. ಅದಕ್ಕೂ ಮೀರಿದರೆ ಸಮಿತಿಯ ಬಾಗಿಲು ಮುಚ್ಚುತ್ತದೆ.

ನಿಯಮದ ಹಿನ್ನೆಲೆ

ಹಾವೇರಿಯು ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ 1997ರ ಆಗಸ್ಟ್ ತಿಂಗಳಲ್ಲೇ ಸುಪ್ರೀಂ ಕೋರ್ಟ್ ವಿಶಾಖಾ ಪ್ರಕರಣದ ತೀರ್ಪು ನೀಡಿತು. ಉದ್ಯೋಗಸ್ಥಳದ ಲೈಂಗಿಕ ಕಿರುಕುಳ ತಡೆಗೆ ದೇಶದಲ್ಲಿ ಮೊದಲ ಮಾರ್ಗಸೂಚಿ ದೊರೆತದ್ದು ಅಲ್ಲಿಂದ. ಅದಕ್ಕೆ ಕಾಯ್ದೆಯ ರೂಪ ಬರಲು 16 ವರ್ಷ ಬೇಕಾಯಿತು. 2013ರ ಕಾಯ್ದೆ ಅದೇ ವರ್ಷದ ಡಿಸೆಂಬರ್ 9ರಂದು ಜಾರಿಗೆ ಬಂದಿತು. ಆದರೆ ಅದು ಮುಖ್ಯವಾಗಿ ಉದ್ಯೋಗಸ್ಥ ಮಹಿಳೆಯರನ್ನು ಗಮನದಲ್ಲಿಟ್ಟು ರಚಿಸಿದ್ದಾಗಿತ್ತು. ವಿದ್ಯಾರ್ಥಿಗಳನ್ನು ಸ್ಪಷ್ಟವಾಗಿ ಒಳಗೊಂಡದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2015ರ ನಿಯಮಾವಳಿ. ಅದರ ಅಧಿಸೂಚನೆ ಹೊರಬಿದ್ದದ್ದು 2016ರ ಮೇ 2ರಂದು. ತಾಂತ್ರಿಕ ಶಿಕ್ಷಣ ಸಂಸ್ಥೆಗಳಿಗೆ ಎಐಸಿಟಿಇ ಅದೇ ವರ್ಷ ಪ್ರತ್ಯೇಕ ನಿಯಮಾವಳಿ ಹೊರಡಿಸಿತು. ವಿದ್ಯಾರ್ಥಿಗಳು ಹಾಗೂ ತೃತೀಯ ಲಿಂಗಿಗಳು ಸಹ ಕಿರುಕುಳಕ್ಕೆ ಗುರಿಯಾಗಬಲ್ಲರು ಎಂಬುದನ್ನು ಯುಜಿಸಿ ನಿಯಮಾವಳಿ ಒಪ್ಪಿಕೊಂಡಿರುವುದು ಗಮನಾರ್ಹ.

2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಸಂಯೋಜನೆ ಯಾವ ವಿಶ್ವವಿದ್ಯಾಲಯದ್ದಾದರೂ ಸಮಿತಿ ರಚಿಸುವ ಹೊಣೆ ಆಯಾ ಕಾಲೇಜಿನದು. ವಿಶ್ವವಿದ್ಯಾಲಯದಲ್ಲಿ ಸಮಿತಿ ಇದೆ ಎಂಬ ಕಾರಣಕ್ಕೆ ಕಾಲೇಜು ಸುಮ್ಮನಿರುವಂತಿಲ್ಲ.

ಒಂದೇ ಆವರಣ, ಎರಡು ಕಾನೂನು

ಈ ಭಾಗದ ಊರುಗಳಲ್ಲಿ ಪದವಿಪೂರ್ವ ಹಾಗೂ ಪದವಿ ತರಗತಿಗಳು ಒಂದೇ ಸಂಸ್ಥೆಯ ಆವರಣದಲ್ಲಿ ನಡೆಯುವುದು ಸಾಮಾನ್ಯ. ಗೇಟು ಒಂದೇ ಆದರೂ ಕಾನೂನು ಒಂದೇ ಅಲ್ಲ. ಪಿಯುಸಿ ವಿದ್ಯಾರ್ಥಿಗಳು ಯುಜಿಸಿ ನಿಯಮಾವಳಿಯ ವ್ಯಾಪ್ತಿಗೆ ಬರುವುದಿಲ್ಲ. ಅವರಲ್ಲಿ ಬಹುತೇಕರು 18 ವರ್ಷ ತುಂಬದವರಾದ್ದರಿಂದ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಸಮ್ಮತಿಯ ಪ್ರಶ್ನೆಯೇ ಏಳದು. ಹದಿನೇಳರ ಬಾಲಕಿ ಒಪ್ಪಿದ್ದಳು ಎಂಬುದು ಕಾನೂನಿನ ಕಣ್ಣಿನಲ್ಲಿ ಸಮರ್ಥನೆಯಾಗುವುದಿಲ್ಲ. ಅಪರಾಧದ ಮಾಹಿತಿ ಇರುವವರೆಲ್ಲ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತನ್ನ ಅಧೀನ ಸಿಬ್ಬಂದಿ ಎಸಗಿದ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹೀಗಾಗಿ ‘ನಮ್ಮಲ್ಲೇ ಮಾತಾಡಿ ಬಗೆಹರಿಸೋಣ’ ಎನ್ನುವ ಪ್ರಾಚಾರ್ಯರು ಪಿಯುಸಿ ವಿದ್ಯಾರ್ಥಿನಿಯ ವಿಷಯದಲ್ಲಿ ತಾವೇ ಅಪರಾಧಿಯಾಗುವ ಸಂಭವವಿದೆ.

ಪದವಿ ವಿದ್ಯಾರ್ಥಿನಿಗೆ 18 ತುಂಬಿದ್ದರೆ ಚಿತ್ರ ಬದಲಾಗುತ್ತದೆ. ಆಕೆಯ ಮುಂದೆ ಎರಡು ಹಾದಿಗಳಿವೆ: ಕಾಲೇಜಿನ ಸಮಿತಿ ಮತ್ತು ಪೊಲೀಸ್ ಠಾಣೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂದಿಲ್ಲ. ಎರಡೂ ಏಕಕಾಲದಲ್ಲಿ ಸಾಗಬಹುದು. ಆಕೆ ಪೊಲೀಸ್ ದೂರು ನೀಡಲು ಬಯಸಿದರೆ ಕಾಲೇಜು ನೆರವಾಗಬೇಕೆಂಬುದು ನಿಯಮ. ಅತ್ಯಾಚಾರದಂತಹ ಅಪರಾಧಗಳಿಗೆ ಪೊಲೀಸ್ ದೂರಿಗೆ 3 ತಿಂಗಳ ಮಿತಿಯೂ ಇಲ್ಲ.

ಮೌನವು ಸಮ್ಮತಿಯಲ್ಲ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಕನ್ನಡಿಗರ ನಾಲಿಗೆಯ ಮೇಲಿದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಅದು ಬಳಕೆಯಾಗುತ್ತಿದ್ದುದೂ ಉಂಟು. ದಂಡಸಂಹಿತೆ ಮಾತ್ರ ಇದಕ್ಕೆ ನೇರ ವಿರುದ್ಧವಾದ ನಿಲುವನ್ನು ತಳೆದಿದೆ. 2013ರ ತಿದ್ದುಪಡಿಯ ಪ್ರಕಾರ ಸಮ್ಮತಿ ಎಂದರೆ ನಿರ್ದಿಷ್ಟ ಲೈಂಗಿಕ ಕ್ರಿಯೆಗೆ ಮಹಿಳೆ ಮಾತಿನಿಂದಲೋ ಸನ್ನೆಯಿಂದಲೋ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ವಇಚ್ಛೆಯಿಂದ ವ್ಯಕ್ತಪಡಿಸುವ ಒಪ್ಪಿಗೆ. ಆಕೆ ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿಸಿದಳೆಂದು ಭಾವಿಸುವಂತಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಇದೇ ವ್ಯಾಖ್ಯೆಯನ್ನು ಉಳಿಸಿಕೊಂಡಿದೆ. ‘ನಿರ್ದಿಷ್ಟ’ ಎಂಬ ಪದ ಇಲ್ಲಿ ಮುಖ್ಯ. ಜೊತೆಯಲ್ಲಿ ಓಡಾಡಿದ್ದು, ಮೊಬೈಲಿನಲ್ಲಿ ಹರಟಿದ್ದು, ಹಿಂದೊಮ್ಮೆ ಒಪ್ಪಿದ್ದು ಇವಾವುವೂ ಇಂದಿನ ಕ್ರಿಯೆಗೆ ಒಪ್ಪಿಗೆಯಾಗಲಾರವು.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2014ರಲ್ಲಿ ಕಾಲೇಜುಗಳ ನೀತಿಯಲ್ಲೇ ಸ್ಪಷ್ಟ ಒಪ್ಪಿಗೆಯ ಮಾನದಂಡವನ್ನು ಸೇರಿಸಲು ಕಾನೂನು ಮಾಡಿತು. ಯುಜಿಸಿ ನಿಯಮಾವಳಿಯ ಮಾನದಂಡ ಬೇರೆ. ವರ್ತನೆ ಆಕೆಗೆ ಅನಪೇಕ್ಷಿತವಾಗಿತ್ತೇ ಎಂಬುದೇ ಸಮಿತಿ ಕೇಳಬೇಕಾದ ಪ್ರಶ್ನೆ. ಅಶ್ಲೀಲ ಮಾತು, ಅನಗತ್ಯ ಸ್ಪರ್ಶ, ಚಿತ್ರ ತೋರಿಸುವುದು ಇದರಲ್ಲಿ ಸೇರಿವೆ. ಆಂತರಿಕ ಅಂಕ ಅಥವಾ ಹಾಜರಾತಿಯ ಆಮಿಷ ಒಡ್ಡಿ ಲೈಂಗಿಕ ಬೇಡಿಕೆ ಇಡುವುದೂ ಸೇರಿದೆ. ಅಧ್ಯಾಪಕನ ಕೈಯಲ್ಲಿ ಅಂಕವಿರುವಾಗ ವಿದ್ಯಾರ್ಥಿನಿಯ ‘ಹೂಂ’ ಎಷ್ಟು ಸ್ವತಂತ್ರವಾದುದು ಎಂಬುದನ್ನು ಸಮಿತಿ ಅಳೆಯಬೇಕಾಗುತ್ತದೆ. ಅತ್ಯಾಚಾರ ಎಸಗಿದವನು ಅಧ್ಯಾಪಕನಾಗಿದ್ದರೆ ನ್ಯಾಯ ಸಂಹಿತೆ ಅದನ್ನು ಹೆಚ್ಚು ಗಂಭೀರವೆಂದು ಪರಿಗಣಿಸುತ್ತದೆ. ಕನಿಷ್ಠ ಶಿಕ್ಷೆ 10 ವರ್ಷ.

ಸಮಿತಿಯಲ್ಲಿ ಯಾರಿರಬೇಕು?

ಅಧ್ಯಕ್ಷೆ ಹಿರಿಯ ಅಧ್ಯಾಪಕಿಯಾಗಿರಬೇಕು. ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕಿಗಿಂತ ಕೆಳಗಿನ ಹುದ್ದೆಯವರು ಆಗುವಂತಿಲ್ಲ. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಮಹಿಳೆಯರ ಪರ ಕೆಲಸ ಮಾಡುವ ಸಂಘಟನೆಯಿಂದ ಒಬ್ಬ ಹೊರಗಿನ ಸದಸ್ಯರು ಇರಬೇಕು. ವಿದ್ಯಾರ್ಥಿಗಳು ಒಳಗೊಂಡ ಪ್ರಕರಣವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಬೇಕು. ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಂತಹ ಆಡಳಿತದ ಉನ್ನತ ಸ್ಥಾನದಲ್ಲಿರುವವರಿಗೆ ಸದಸ್ಯತ್ವವಿಲ್ಲ.

ಮಹಾನಗರದ ವಿಶ್ವವಿದ್ಯಾಲಯಕ್ಕೆ ಇದು ಕಷ್ಟವಲ್ಲ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ತಾಲ್ಲೂಕು ಕೇಂದ್ರದ ಸಣ್ಣ ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕಿ ಎಂಬ ಹುದ್ದೆಯವರು ಒಬ್ಬರೂ ಇಲ್ಲದಿರಬಹುದು. ಅಂತಹ ಸಂದರ್ಭದಲ್ಲಿ ಅದೇ ಆಡಳಿತದ ಬೇರೆ ಕಚೇರಿ ಅಥವಾ ಘಟಕದಿಂದ ಅಧ್ಯಕ್ಷೆಯನ್ನು ನೇಮಿಸಲು ನಿಯಮಾವಳಿಯಲ್ಲೇ ಅವಕಾಶವಿದೆ. ಹಿರಿಯ ಮಹಿಳೆ ಇಲ್ಲವೆಂಬುದು ಸಮಿತಿ ರಚಿಸದಿರಲು ನೆಪವಾಗದು. ವಿದ್ಯಾರ್ಥಿ ಪ್ರತಿನಿಧಿಗಳು ಪಾರದರ್ಶಕ ಪ್ರಜಾಸತ್ತಾತ್ಮಕ ವಿಧಾನದಿಂದ ಆಯ್ಕೆಯಾಗಬೇಕೆಂಬುದು ಇನ್ನೊಂದು ಷರತ್ತು. ವಿದ್ಯಾರ್ಥಿ ಸಂಘಗಳ ಚುನಾವಣೆ 1980ರ ದಶಕದ ಕೊನೆಯಲ್ಲೇ ನಿಂತ ರಾಜ್ಯದಲ್ಲಿ ಈ ಷರತ್ತನ್ನು ಪಾಲಿಸುವುದಕ್ಕೆ ಪ್ರತ್ಯೇಕ ಶ್ರಮವೇ ಬೇಕು.

ವಿಚಾರಣೆಗೂ ಗಡುವುಗಳಿವೆ. ದೂರಿನ ಪ್ರತಿಯನ್ನು 7 ದಿನದೊಳಗೆ ಆರೋಪಿಗೆ ಕೊಡಬೇಕು. ಆತ 10 ದಿನದೊಳಗೆ ಉತ್ತರಿಸಬೇಕು. 90 ದಿನದೊಳಗೆ ವಿಚಾರಣೆ ಮುಗಿಯಬೇಕು. ಅಷ್ಟರಲ್ಲಿ ಆರೋಪಿ ಅಧ್ಯಾಪಕನು ಆಕೆಯ ಉತ್ತರಪತ್ರಿಕೆ ಮೌಲ್ಯಮಾಪನ ಮಾಡದಂತೆ ತಡೆಯಲು, ಆಕೆಗೆ 3 ತಿಂಗಳವರೆಗೆ ರಜೆ ನೀಡಲು ಸಮಿತಿ ಶಿಫಾರಸು ಮಾಡಬಹುದು. ರಾಜಿ ಸಂಧಾನ ನಡೆಯಬಹುದಾದುದು ದೂರುದಾರಳೇ ಕೋರಿದರೆ ಮಾತ್ರ, ಮತ್ತು ಅದರಲ್ಲಿ ಹಣದ ಮಾತು ಬರುವಂತಿಲ್ಲ. ತಪ್ಪಿತಸ್ಥ ವಿದ್ಯಾರ್ಥಿಯನ್ನು ಅಮಾನತು ಮಾಡುವ, ಕಾಲೇಜಿನಿಂದ ಹೊರಹಾಕುವ ಅಧಿಕಾರ ಸಂಸ್ಥೆಗಿದೆ. ದೂರನ್ನು ರುಜುವಾತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ದೂರುದಾರಳನ್ನು ದಂಡಿಸುವಂತಿಲ್ಲ.

ಆವರಣದ ಆಚೆ

ನಿಯಮಾವಳಿಯ ದೃಷ್ಟಿಯಲ್ಲಿ ಕಾಲೇಜು ಎಂದರೆ ಕಾಂಪೌಂಡಿನ ಒಳಗಷ್ಟೇ ಅಲ್ಲ. ಶೈಕ್ಷಣಿಕ ಪ್ರವಾಸ, ಶಿಬಿರ, ಕ್ರೀಡಾಕೂಟ, ತರಬೇತಿ, ಸಂಸ್ಥೆಯೇ ಒದಗಿಸಿದ ವಾಹನ ಇವೆಲ್ಲ ಅದರಲ್ಲಿ ಅಡಕ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು ಇದೆ. ಕೃಷಿ ಪದವಿಯ ಅಂತಿಮ ವರ್ಷದವರು ಹಳ್ಳಿಗಳಲ್ಲಿ ತಂಗಿ ಕಾರ್ಯಾನುಭವ ಪಡೆಯಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕ್ಷೇತ್ರಕಾರ್ಯವಿಲ್ಲದೆ ಜಾನಪದ ಅಧ್ಯಯನವಿಲ್ಲ. ಅಂತಹ ಕಡೆ ಹೊರಗಿನವರು ಕಿರುಕುಳ ನೀಡಿದರೂ ಸಂಸ್ಥೆ ಕೈಕಟ್ಟಿ ಕೂರುವಂತಿಲ್ಲ, ವಿದ್ಯಾರ್ಥಿನಿಗೆ ಅಗತ್ಯ ನೆರವು ನೀಡಬೇಕು. ಆದರೆ ಹಳ್ಳಿಯಿಂದ ಬರುವವರು ದಿನವೂ ಏರುವ ಸಾರಿಗೆ ಸಂಸ್ಥೆಯ ಬಸ್ಸು ಕಾಲೇಜು ಒದಗಿಸಿದ ವಾಹನವಲ್ಲ. ಅಲ್ಲಿ ಅಪರಿಚಿತನ ಕೀಟಲೆಗೆ, ಹಿಂಬಾಲಿಸುವಿಕೆಗೆ ಪೊಲೀಸರೇ ಗತಿ. ನ್ಯಾಯ ಸಂಹಿತೆಯ 75 ಮತ್ತು 78ನೇ ಕಲಂಗಳು ಇದಕ್ಕೆಂದೇ ಇವೆ.

ವಿಳಂಬದ ಬೆಲೆ, ಆತುರದ ಬೆಲೆ

ಎರಡು ತೀರ್ಪುಗಳು ಇಲ್ಲಿ ಉಲ್ಲೇಖಾರ್ಹ. ಗೋವಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು 2009ರಲ್ಲಿ ವಿಭಾಗ ಮುಖ್ಯಸ್ಥರೊಬ್ಬರ ವಿರುದ್ಧ ದೂರಿದರು. ಆತನನ್ನು ವಜಾ ಮಾಡಲಾಯಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ವಜಾವನ್ನು ರದ್ದುಪಡಿಸಿ ಪ್ರಕರಣವನ್ನು ಸಮಿತಿಗೆ ಮರಳಿಸಿತು. ವಿಚಾರಣೆ ಆತುರದಲ್ಲಿ ನಡೆದು ಆತನಿಗೆ ಸಮರ್ಥಿಸಿಕೊಳ್ಳಲು ಸಾಕಷ್ಟು ಅವಕಾಶ ಸಿಕ್ಕಿರಲಿಲ್ಲ ಎಂಬುದು ಕಾರಣ. ಸಮಿತಿಗೆ ವಿಚಾರಣೆಯ ಕ್ರಮ ಗೊತ್ತಿರದಿದ್ದರೆ ದೂರಿತ್ತವರಿಗೂ ದೂರಿಗೊಳಗಾದವರಿಗೂ 14 ವರ್ಷದ ಬಳಿಕ ಪುನಃ ಮೊದಲಿನಿಂದ ಎಂಬ ಸ್ಥಿತಿ.

ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಕುಲಪತಿಯ ವಿರುದ್ಧ ನೀಡಿದ ದೂರಿನದು ಇನ್ನೊಂದು ಕಥೆ. ಅವರ ದೂರಿನ ಪ್ರಕಾರ ಕೊನೆಯ ಕಿರುಕುಳ ನಡೆದದ್ದು 2023ರ ಏಪ್ರಿಲ್‌ನಲ್ಲಿ, ದೂರು ಸಲ್ಲಿಕೆಯಾದದ್ದು ಡಿಸೆಂಬರ್‌ನಲ್ಲಿ. 6 ತಿಂಗಳು ಮೀರಿದ್ದರಿಂದ ಸ್ಥಳೀಯ ಸಮಿತಿ ಅದನ್ನು ತಿರಸ್ಕರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾನೂನು ಕಲಿಸುವವರಿಗೇ ದಿನ ತಪ್ಪಿದರೆ ಬಿ.ಎ. ಮೊದಲ ವರ್ಷದ ಹುಡುಗಿಯ ಪಾಡೇನು?

ಕಾಲೇಜಿನ ಮೇಲೆ ನಂಬಿಕೆ ಇಲ್ಲದಾಗ

ಆರೋಪ ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಇದ್ದರೆ ಅಥವಾ ಸಂಸ್ಥೆಯಲ್ಲಿ ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿದ್ದು ಆಂತರಿಕ ಸಮಿತಿ ರಚನೆಯಾಗಿರದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ಇಂತಹ ಸಮಿತಿಗಳನ್ನು 2025ರ ಜನವರಿ 31ರೊಳಗೆ ಎಲ್ಲ ಜಿಲ್ಲೆಗಳಲ್ಲಿ ರಚಿಸುವಂತೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ದೂರು ಕೊಡಲು ಬ್ಯಾಡಗಿಯವರು ಹಾವೇರಿಗೇ ಹೋಗಬೇಕೆಂದಿಲ್ಲ. ಪ್ರತಿ ತಾಲ್ಲೂಕಿಗೂ ನೋಡಲ್ ಅಧಿಕಾರಿಯೊಬ್ಬರನ್ನು ನೇಮಿಸಬೇಕು, ಅವರು ದೂರನ್ನು 7 ದಿನದೊಳಗೆ ಸಮಿತಿಗೆ ಕಳುಹಿಸಬೇಕು ಎಂದು 2013ರ ಕಾಯ್ದೆಯೇ ಹೇಳುತ್ತದೆ.

ಲೈಂಗಿಕ ಹಲ್ಲೆಯಾಗಿದ್ದರೆ ಮೊದಲು ಆಸ್ಪತ್ರೆ. ಸರ್ಕಾರಿಯಾಗಲಿ ಖಾಸಗಿಯಾಗಲಿ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ದೇಹದಿಂದ ಸಾಕ್ಷ್ಯ ಸಂಗ್ರಹ ಸಾಮಾನ್ಯವಾಗಿ 96 ಗಂಟೆಯವರೆಗೆ ಸಾಧ್ಯ. ಅಷ್ಟರವರೆಗೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಇರುವುದು ಒಳಿತು. ಘಟನೆ ರಾಣೆಬೆನ್ನೂರಿನಲ್ಲಿ ನಡೆದಿದ್ದರೂ ಯಾವುದೇ ಠಾಣೆ ದೂರನ್ನು ದಾಖಲಿಸಿಕೊಳ್ಳಬೇಕು. ವ್ಯಾಪ್ತಿಯ ಮಾತು ಆಮೇಲೆ. ಸಂತ್ರಸ್ತೆಯ ಹೆಸರು, ಗುರುತನ್ನು ಬಹಿರಂಗಪಡಿಸುವುದು 2 ವರ್ಷದವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧ; ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಹರಿಬಿಡುವವರಿಗೂ ಇದು ಅನ್ವಯ. ತುರ್ತು ಕರೆಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.