ದೇವರಗುಡ್ಡದ ಬಯಲಿನಲ್ಲಿ ಕುದುರೆಯ ಒಂದು ದಿನದ ದಾರಿ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಮಾಲತೇಶಸ್ವಾಮಿಯ ಪ್ರಸಿದ್ಧ ಕ್ಷೇತ್ರ. ದಸರೆಯ ಕಾರಣಿಕಕ್ಕೆ ನೆರೆಯುವ ಭಕ್ತರ ಕಲ್ಪನೆಯಲ್ಲಿ ಮೈಲಾರನು ಕುದುರೆಯೇರಿ ಮಣಿ-ಮಲ್ಲಾಸುರರನ್ನು ಮರ್ದಿಸಿದ ವೀರದೈವ. ಪುರಾಣದ ಆ ಕುದುರೆಗೆ ಹುಲ್ಲು ನೀರುಗಳ ಹಂಗಿಲ್ಲ, ದೂರವೂ ಲೆಕ್ಕಕ್ಕಿಲ್ಲ. ಚರಿತ್ರೆಯ ಕುದುರೆಯ ಮಾತು ಬೇರೆ. ನಮ್ಮ ಸ್ಥಳೀಯ ಚರಿತ್ರೆಗಳಲ್ಲಿ 'ಒಂದೇ ರಾತ್ರಿಯಲ್ಲಿ ಬಂದೆರಗಿದ ದಂಡು', 'ಮಿಂಚಿನ ದಾಳಿ' ಮುಂತಾದ ಮಾತುಗಳು ಹೇರಳವಾಗಿ ಬಳಕೆಯಾಗಿವೆ. ಇವುಗಳನ್ನು ಒಪ್ಪುವ ಅಥವಾ ತಳ್ಳಿಹಾಕುವ ಮೊದಲು, ಒಂದು ಕುದುರೆ ಒಂದು ದಿನದಲ್ಲಿ ಎಷ್ಟು ದೂರ ಕ್ರಮಿಸಬಲ್ಲುದು ಎಂಬ ಸರಳ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಗತ್ಯ.

ನಡಿಗೆಯಲ್ಲಿ ಕುದುರೆ ಗಂಟೆಗೆ 6-7 ಕಿ.ಮೀ., ದುಡುಕಿಯಲ್ಲಿ 12-15 ಕಿ.ಮೀ., ನಾಗಾಲೋಟದಲ್ಲಿ 40 ಕಿ.ಮೀ.ಗೂ ಮಿಗಿಲಾಗಿ ಸಾಗುತ್ತದೆ. ಆದರೆ ನಾಗಾಲೋಟ ಕೆಲವೇ ಕಿಲೋಮೀಟರುಗಳ ಮಾತು. ಅದನ್ನು ದಿನದ ಗಂಟೆಗಳಿಂದ ಗುಣಿಸಿ ದೂರವನ್ನು ನಿರ್ಣಯಿಸುವಂತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಆರಂಭವಾದ ಟೆವಿಸ್ ಕಪ್ ಸವಾರಿಯಲ್ಲಿ 24 ಗಂಟೆಗಳೊಳಗೆ 100 ಮೈಲು, ಅಂದರೆ ಸುಮಾರು 160 ಕಿ.ಮೀ. ಮುಗಿಸಬೇಕು. ವಿಶೇಷವಾಗಿ ಪಳಗಿಸಿದ ಕುದುರೆಗಳು, ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆ ಇದ್ದೂ ಎಷ್ಟೋ ಕುದುರೆಗಳು ನಡುವೆಯೇ ಹಿಂದೆ ಸರಿಯುತ್ತವೆ. ಇದು ಒಂದು ದಿನದ ಪರಮಾವಧಿ. ಮರುದಿನ ಅದೇ ಕುದುರೆಯಿಂದ ಅಷ್ಟನ್ನೇ ನಿರೀಕ್ಷಿಸಲಾಗದು. ದಿನವೂ ಪಯಣ ಬೆಳೆಸುವ ಒಂಟಿ ಸವಾರನಿಗೆ 40-50 ಕಿ.ಮೀ. ಸಾಕಷ್ಟು ದೊಡ್ಡ ಮಜಲೇ ಸರಿ.

ದಂಡಿನ ವಿಷಯಕ್ಕೆ ಬಂದರೆ ಈ ಅಂಕಿಯೂ ಕುಸಿಯುತ್ತದೆ. ಇದಕ್ಕೆ ದೇವರಗುಡ್ಡದ ಸುತ್ತಲಿನ ಬಯಲಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘನು ಮರುವರ್ಷ ತುಂಗಭದ್ರೆಯ ಉತ್ತರದ ಪ್ರದೇಶದಲ್ಲಿ ಪ್ರಬಲನಾದನು. ಅವನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು 1800ರ ಜೂನ್ 27ರಂದು ರಾಣೆಬೆನ್ನೂರಿನ ಕೋಟೆಯನ್ನು ಲಗ್ಗೆಯಿಂದ ಹಿಡಿದನು. ಸವಣೂರನ್ನು ಸೇರಿದ್ದು ಜುಲೈ 12ರಂದು. ಇವೆರಡರ ನಡುವಿನ ಅಂತರ ಇಂದಿನ ರಸ್ತೆಯಲ್ಲಿ 60 ಕಿ.ಮೀ. ಆಸುಪಾಸು. ಗಟ್ಟಿ ಕುದುರೆಯೊಂದು ಒಂದು ದಿನದಲ್ಲಿ ಮುಗಿಸಬಹುದಾದ ದಾರಿಗೆ ಹದಿನೈದು ದಿನ ಹಿಡಿಯಿತು! ಕಾರಣ ಕುದುರೆಯ ಕಾಲಲ್ಲ. ನಡುವೆ ಮಳೆಗಾಲದ ವರದಾ ನದಿಯಿತ್ತು, ಹಿಂದೆ ಧಾನ್ಯ ಹೊತ್ತ ಎತ್ತುಗಳಿದ್ದವು. ಹೊಳೆ ದಾಟಿದ ಮೇಲೆ ಅದೇ ಸೈನ್ಯ ಎರಡೇ ದಿನಗಳಲ್ಲಿ, ಜುಲೈ 14ರಂದು, ಕುಂದಗೋಳದ ಕೋಟೆಯನ್ನು ವಶಪಡಿಸಿಕೊಂಡಿತು. ಹದಿನೈದು ದಿನಗಳ ಈ ನಿಧಾನವನ್ನು ಸೇನಾಪತಿಯ ಅಳುಕೆಂದು ಬರೆಯುವವರು ಜುಲೈ ತಿಂಗಳ ವರದೆಯನ್ನು ಒಮ್ಮೆ ನೋಡಿ ಬರುವುದೊಳಿತು.

ಬೆನ್ನಟ್ಟಿಸಿಕೊಂಡವನ ಪಾಡೂ ಇದೇ. ಧೋಂಡಿಯನ ಬಲ ಕುದುರೆಯದೆಂಬುದು ನಿಜ. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಅವನು ಮಡಿದಾಗ ಜೊತೆಯಲ್ಲಿ ಸುಮಾರು 5,000 ಸವಾರರಿದ್ದರು. ದಿನಕ್ಕೊಂದು ಕುದುರೆಗೆ 7 ಕಿಲೋ ಮೇವು, 25 ಲೀಟರ್ ನೀರು ಎಂದು ಕನಿಷ್ಠ ಲೆಕ್ಕ ಹಿಡಿದರೂ 5,000 ಕುದುರೆಗಳಿಗೆ 35 ಟನ್ ಮೇವು, 1,25,000 ಲೀಟರ್ ನೀರು ಬೇಕಾಗುತ್ತದೆ. ಒಂದೆರಡು ರಾತ್ರಿ ಬೀಡುಬಿಟ್ಟರೆ ಆ ಊರಿನ ಹುಲ್ಲುಗಾವಲು, ಕೆರೆಯ ಅಂಚು ಬರಿದಾಗಬೇಕಾದದ್ದೇ. ಇದರ ಮೇಲೆ ಅವನ ಪಾಳೆಯದಲ್ಲಿ ಸಾಮಾನು ಸರಂಜಾಮು, ತೋಪುಗಳಿದ್ದವು. ಜುಲೈ 30ರಂದು ಮುನವಳ್ಳಿಯ ಎದುರು ಮಲಪ್ರಭೆಯ ದಡದಲ್ಲಿ ವೆಲ್ಲೆಸ್ಲಿಗೆ ಸಿಕ್ಕಿದ್ದು ಈ ಭಾರವೇ. ಹಗುರವಾಗಿದ್ದವರು ಪಾರಾದರು, ಪಾಳೆಯ ಉಳಿಯಲಿಲ್ಲ.

ಹಾಗಾದರೆ ಮಿಂಚಿನ ನಡೆ ಸುಳ್ಳೇ? ಅಲ್ಲ, ಭಾರವನ್ನು ಹಿಂದಕ್ಕೆ ಬಿಟ್ಟಾಗ ಅದು ಸಾಧ್ಯ. 1769ರ ಮಾರ್ಚಿನಲ್ಲಿ ಹೈದರಾಲಿಯು ಮುಖ್ಯ ಸೈನ್ಯವನ್ನು ಬೇರೆಡೆಗೆ ಕಳುಹಿಸಿ, ಆಯ್ದ 6,000 ಸವಾರರು ಮತ್ತು 200 ಕಾಲಾಳುಗಳೊಂದಿಗೆ ಮೂರೂವರೆ ದಿನಗಳಲ್ಲಿ 130 ಮೈಲು ಸಾಗಿ ಮದರಾಸಿನ ಬಾಗಿಲಲ್ಲಿ ಕಾಣಿಸಿಕೊಂಡನು. ದಿನಕ್ಕೆ 60 ಕಿ.ಮೀ. ಆಯಿತು. ಕುದುರೆಗಳೊಂದಿಗೆ ಕಾಲಾಳುಗಳೂ ಇದ್ದರೆಂಬುದು ಗಮನಾರ್ಹ. ಇನ್ನೊಂದು ಉದಾಹರಣೆ ನಮ್ಮ ಪ್ರದೇಶದಿಂದಲೇ ಹೊರಟದ್ದು. 1803ರ ಮಾರ್ಚ್ 12ರಂದು ವೆಲ್ಲೆಸ್ಲಿಯ ಸೈನ್ಯ ಇಂದಿನ ಹಾವೇರಿ ಜಿಲ್ಲೆಯ ಹಾವನೂರಿನ ಬಳಿ ತುಂಗಭದ್ರೆಯನ್ನು ದಾಟಿ ಪುಣೆಯತ್ತ ಸಾಗಿತು. ಪುಣೆಗೆ ಬೆಂಕಿಯಿಡುವ ಸಂಚಿನ ಸುದ್ದಿ ಬಂದೊಡನೆ ಅವನು ಕುದುರೆಪಡೆಯೊಂದಿಗೆ ಮುಂದೆ ಧಾವಿಸಿ, ಕೊನೆಯ 60 ಮೈಲುಗಳನ್ನು 32 ಗಂಟೆಗಳಲ್ಲಿ ಕ್ರಮಿಸಿ ಏಪ್ರಿಲ್ 20ರಂದು ಊರನ್ನು ತಲುಪಿದನು. ಹೆಸರಾದ ಈ ಧಾವಂತದ ಸರಾಸರಿ ವೇಗ, ಘಟ್ಟದ ದಾರಿ ಮತ್ತು ತಂಗಿದ ಹೊತ್ತು ಸೇರಿ, ಗಂಟೆಗೆ 3 ಕಿ.ಮೀ. ಮಾತ್ರ. ಅದಕ್ಕೂ ಮೊದಲಿನ ದಾರಿಗೆ ಐದು ವಾರಗಳಿಗೂ ಹೆಚ್ಚು ಕಾಲ ಹಿಡಿದಿತ್ತು.

ಈ ಅಳತೆಯನ್ನು ಹಿಂದಿನ ಕಾಲಕ್ಕೂ ಎಚ್ಚರಿಕೆಯಿಂದ ಅನ್ವಯಿಸಬಹುದು. ಹಾವೇರಿ ಜಿಲ್ಲೆಯ ವೀರಗಲ್ಲುಗಳಲ್ಲಿ ತುರುಗೋಳಿನ ಪ್ರಸಂಗಗಳು, ಕುದುರೆ ಸವಾರರ ಚಿತ್ರಗಳು ಸಾಕಷ್ಟಿವೆ. ದನಗಳನ್ನು ಹೊಡೆದುಕೊಂಡು ಹೋಗುವವನು ದನದ ನಡಿಗೆಯಲ್ಲೇ ಹೋಗಬೇಕು. ಸಂಜೆ ಸುದ್ದಿ ಮುಟ್ಟಿದರೂ ಮರುದಿನ ಮಧ್ಯಾಹ್ನದೊಳಗೆ ಸವಾರನೊಬ್ಬ ಅವರನ್ನು ಅಡ್ಡಗಟ್ಟಬಲ್ಲ. ಆದ್ದರಿಂದ ವೀರನು ಮಡಿದ ಸ್ಥಳ ಅವನ ಊರಿನಿಂದ ನಾಲ್ಕಾರು ಹರದಾರಿಗಳ ಒಳಗೇ ಇದ್ದಿರಬೇಕೆಂಬುದು ನನ್ನ ಊಹೆ. ಹರದಾರಿಯೆಂದರೆ ಸುಮಾರು 3 ಮೈಲು.

ಕೊನೆಯದಾಗಿ ಸುದ್ದಿಯ ವೇಗದ ಬಗ್ಗೆ ಒಂದು ಮಾತು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತನು ದೆಹಲಿ ಸುಲ್ತಾನರ ಅಂಚೆಯನ್ನು ವಿವರಿಸಿದ್ದಾನೆ. ಕುದುರೆ ಅಂಚೆಗೆ ನಾಲ್ಕು ಮೈಲಿಗೊಂದು, ಕಾಲಾಳು ಅಂಚೆಗೆ ಮೈಲಿಗೆ ಮೂರು ಠಾಣೆಗಳಿದ್ದವು. ಐವತ್ತು ದಿನಗಳ ದಾರಿಯ ಸಿಂಧ್‌ನಿಂದ ಸುದ್ದಿ ಐದು ದಿನಗಳಲ್ಲಿ ಸುಲ್ತಾನನನ್ನು ಮುಟ್ಟುತ್ತಿತ್ತು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವವರ ಅಂಚೆಯೇ ಕುದುರೆಯದಕ್ಕಿಂತ ಚುರುಕು ಎಂದು ಅವನು ಬರೆದಿದ್ದಾನೆ. ದೇವರಗುಡ್ಡದ ಕಾರಣಿಕದ ನುಡಿಯಾದರೂ ತಾರು, ಪತ್ರಿಕೆಗಳು ಬರುವ ಮುನ್ನ ಊರೂರಿಗೆ ಹಬ್ಬುತ್ತಿದ್ದುದು ಕರಿಕಂಬಳಿಯ ಗೊರವರು ಮತ್ತು ಪರಿಸೆಯಿಂದ ಹಿಂದಿರುಗುವ ಒಕ್ಕಲುಗಳ ಕಾಲ್ನಡಿಗೆಯಲ್ಲಿಯೇ.